ಬೇರಿನೊಳಗಿನ ಕಾಣದ ನಾಳಗಳು: ಅಸಾಮಾನ್ಯ ರಚನೆಯ ಹಲ್ಲುಗಳಿಗೆ ಬೇರುನಾಳ ಚಿಕಿತ್ಸೆ

ರೂಟ್ ಕೆನಾಲ್ ಎಂಬ ಹೆಸರಿನಿಂದ ಜನರ ಬಾಯಲ್ಲಿ ನೆಲೆಗೊಂಡಿರುವ ಬೇರುನಾಳ ಚಿಕಿತ್ಸೆಯು ಇಂದು ಅನೇಕ ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುತ್ತಿದೆ. ನೋಯುವ ಹಲ್ಲಿಗೆ ಕೀಳಿಸುವುದೊಂದೇ ಮದ್ದೆಂದು ನಂಬಿದ್ದ ನಮ್ಮ ಜನ ಈಗ ಹಲ್ಲನ್ನು ಉಳಿಸಿಕೊಳ್ಳುವ ಕಡೆಗೆ ಮನಸ್ಸು ಮಾಡುತ್ತಿರುವುದು ಸಂತೋಷದ ಸಂಗತಿ. ಆದರೆ ಚಿಕಿತ್ಸೆ ಪಡೆದ ಕೆಲವರಲ್ಲಿ ಆರು ತಿಂಗಳೋ ಎರಡು ವರ್ಷವೋ ಕಳೆದ ಮೇಲೆ ಅದೇ ಹಲ್ಲು ಮತ್ತೆ ನೋಯತೊಡಗುತ್ತದೆ. ವಸಡಿನ ಮೇಲೆ ಕೀವಿನ ಗುಳ್ಳೆ ಏಳುತ್ತದೆ. ಖರ್ಚು ಮಾಡಿದ ಹಣವೂ ಹೋಯಿತು, ಪಟ್ಟ ಕಷ್ಟವೂ ವ್ಯರ್ಥವಾಯಿತು ಎಂದು ಬೇಸತ್ತು ಹಲ್ಲನ್ನು ಕೀಳಿಸಿಬಿಡುವವರು ಆಗ ಅನೇಕರು. ಹೀಗೆ ಕಳೆದುಕೊಂಡ ಹಲ್ಲುಗಳಲ್ಲಿ ಎಷ್ಟೋ ಹಲ್ಲುಗಳನ್ನು ಉಳಿಸಿಕೊಳ್ಳಬಹುದಾಗಿತ್ತು. ಚಿಕಿತ್ಸೆ ಫಲಿಸದಿರಲು ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದುದು, ಬೇರಿನೊಳಗೆ ಕಣ್ಣಿಗೆ ಬೀಳದೆ ಉಳಿದುಹೋದ ಒಂದು ನಾಳ. ಅಂಥ ನಾಳಗಳು ಏಕೆ ಇರುತ್ತವೆ, ಅವುಗಳನ್ನು ಹುಡುಕುವ ಬಗೆ ಯಾವುದು, ರೋಗಿಗಳಾದವರು ಏನನ್ನು ಅರಿತಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಬಯಸುತ್ತೇವೆ.

ಹಲ್ಲಿನ ಒಳರಚನೆ

ಬಾಯಿ ತೆರೆದಾಗ ನಮಗೆ ಕಾಣುವುದು ಹಲ್ಲಿನ ಮೇಲ್ಭಾಗ ಮಾತ್ರ. ಅದರ ಹೊರಗವಚ ಎನಾಮಲ್; ಅದು ಮಾನವ ಶರೀರದಲ್ಲಿಯೇ ಅತ್ಯಂತ ಗಟ್ಟಿಯಾದ ಪದಾರ್ಥ. ಅದರ ಒಳಗೆ ತುಸು ಹಳದಿ ಛಾಯೆಯ ಡೆಂಟಿನ್ ಇದೆ. ಡೆಂಟಿನ್ನಿನ ನಡುವೆ ಒಂದು ಪುಟ್ಟ ಕೋಣೆ. ಅದರಲ್ಲಿ ರಕ್ತನಾಳಗಳೂ ನರಗಳೂ ಕೂಡಿದ ಮೃದುವಾದ ತಿರುಳು ಇರುತ್ತದೆ. ಈ ಕೋಣೆಯ ನೆಲದಿಂದ ಹೊರಟ ಕಿರಿದಾದ ನಾಳಗಳು ಬೇರಿನ ಉದ್ದಕ್ಕೂ ಸಾಗಿ, ತುದಿಯ ಸೂಕ್ಷ್ಮ ರಂಧ್ರದ ಮೂಲಕ ದವಡೆಯ ಎಲುಬನ್ನು ಸೇರುತ್ತವೆ. ಇವೇ ಬೇರುನಾಳಗಳು. ಇವುಗಳ ಮೂಲಕವೇ ಹಲ್ಲಿಗೆ ರಕ್ತ ಬರುತ್ತದೆ. ಸೋಂಕು ತಗುಲಿದಾಗ ಅದು ಎಲುಬಿಗೆ ಇಳಿಯುವುದೂ ಬಹುಮಟ್ಟಿಗೆ ಇದೇ ದಾರಿಯಿಂದ.

ಹುಳುಕು ಆಳಕ್ಕಿಳಿದು ತಿರುಳನ್ನು ಮುಟ್ಟಿದಾಗ ಬ್ಯಾಕ್ಟೀರಿಯಾಗಳು ಒಳಹೊಕ್ಕು ತಿರುಳು ಕೊಳೆಯುತ್ತದೆ. 1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ವಿಜ್ಞಾನಿಗಳು ನಡೆಸಿದ ಪ್ರಯೋಗವೊಂದು ಈ ವಿಷಯದಲ್ಲಿ ದಾರಿದೀಪವಾಯಿತು. ಅವರು ಎರಡು ಗುಂಪಿನ ಇಲಿಗಳ ಹಲ್ಲಿನ ತಿರುಳನ್ನು ತೆರೆದಿಟ್ಟರು. ಒಂದು ಗುಂಪು ಸಾಮಾನ್ಯ ಇಲಿಗಳದು. ಇನ್ನೊಂದು ಸೂಕ್ಷ್ಮಜೀವಿಗಳೇ ಇಲ್ಲದ ಪರಿಸರದಲ್ಲಿ ಬೆಳೆಸಿದ ಇಲಿಗಳದು. ಮೊದಲನೆಯ ಗುಂಪಿನಲ್ಲಿ ತಿರುಳು ಸತ್ತು ಬೇರಿನ ತುದಿಯಲ್ಲಿ ಕೀವು ಕಟ್ಟಿತು. ಎರಡನೆಯ ಗುಂಪಿನಲ್ಲಿ ತಿರುಳು ಜೀವಂತವಾಗಿಯೇ ಉಳಿದು, ಗಾಯದ ಮೇಲೆ ಹೊಸ ಡೆಂಟಿನ್ ಮೂಡಿತು. ಕೇಡಿನ ಮೂಲ ಸೂಕ್ಷ್ಮಜೀವಿಗಳೇ ಎಂಬುದು ಇದರಿಂದ ಸ್ಪಷ್ಟವಾಯಿತು. ಆದ್ದರಿಂದ ಬೇರುನಾಳ ಚಿಕಿತ್ಸೆಯ ಗುರಿ ಒಂದೇ: ನಾಳಗಳೊಳಗಿನ ಸತ್ತ ತಿರುಳನ್ನೂ ಸೂಕ್ಷ್ಮಜೀವಿಗಳನ್ನೂ ತೆಗೆದು, ಅವು ಮತ್ತೆ ನುಸುಳದಂತೆ ನಾಳವನ್ನು ಮುಚ್ಚುವುದು. ಮೂರು ನಾಳಗಳನ್ನು ಎಷ್ಟೇ ಅಚ್ಚುಕಟ್ಟಾಗಿ ಶುದ್ಧಗೊಳಿಸಿದರೂ ನಾಲ್ಕನೆಯದು ಹಾಗೆಯೇ ಉಳಿದರೆ, ಊರಿಗೆಲ್ಲ ಬೇಲಿ ಹಾಕಿ ಒಂದು ಕಿಂಡಿಯನ್ನು ತೆರೆದಿಟ್ಟಂತೆ.

ನಾಳಗಳ ವೈವಿಧ್ಯ

ಒಂದು ಬೇರಿಗೆ ಒಂದು ನಾಳ, ಅದು ನೇರವಾದ ಕೊಳವೆ ಎಂಬುದು ಸಾಮಾನ್ಯ ಕಲ್ಪನೆ. ಸ್ವಿಟ್ಜರ್ಲೆಂಡಿನ ಜೂರಿಕ್ ನಗರದ ವಾಲ್ಟರ್ ಹೆಸ್ ಎಂಬ ದಂತವಿಜ್ಞಾನಿ ಕಿತ್ತ ಹಲ್ಲುಗಳ ನಾಳಗಳೊಳಗೆ ರಬ್ಬರನ್ನು ತುಂಬಿ ಗಟ್ಟಿಗೊಳಿಸಿ, ಹೊರಗಿನ ಹಲ್ಲನ್ನು ಕರಗಿಸಿ, ನಾಳಗಳ ಅಚ್ಚುಗಳನ್ನು ಪಡೆದನು. 1925ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವನ ಗ್ರಂಥದ ಚಿತ್ರಗಳನ್ನು ಕಂಡ ವೈದ್ಯಲೋಕ ಬೆರಗಾಯಿತು. ನಾಳಗಳು ಕೊಳವೆಗಳಂತಿರದೆ ಮರದ ಬೇರುಗಳಂತೆ ಕವಲೊಡೆದು, ಒಂದರೊಡನೊಂದು ಹೆಣೆದುಕೊಂಡಿದ್ದವು. ಮುಂದೆ 1984ರಲ್ಲಿ ಅಮೆರಿಕದ ಫ್ರಾಂಕ್ ವರ್ಟೂಚಿ, ಪಾರದರ್ಶಕವಾಗಿಸಿದ 2,400 ಹಲ್ಲುಗಳನ್ನು ಪರೀಕ್ಷಿಸಿ, ಒಂದು ಬೇರಿನೊಳಗೆ ನಾಳಗಳು ಸಾಗುವ ರೀತಿಯನ್ನು ಎಂಟು ವಿಧಗಳಾಗಿ ವಿಂಗಡಿಸಿದರು. ದಂತವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುವುದು ಈ ವಿಂಗಡಣೆಯನ್ನೇ.

ನಮ್ಮ ನಾಡಿನ ನದಿಗಳನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ತುಂಗೆಯೂ ಭದ್ರೆಯೂ ಬೇರೆಬೇರೆಯಾಗಿ ಹರಿದು ಕೂಡಲಿಯಲ್ಲಿ ಒಂದಾಗುವಂತೆ, ಕೆಲವು ಬೇರುಗಳಲ್ಲಿ ಎರಡು ನಾಳಗಳು ಮೇಲಿನಿಂದ ಹೊರಟು ತುದಿಗೆ ಮುನ್ನ ಕೂಡಿಕೊಳ್ಳುತ್ತವೆ. ಕಾವೇರಿಯು ಶ್ರೀರಂಗಪಟ್ಟಣದ ಬಳಿ ಎರಡಾಗಿ ಒಡೆದು, ದ್ವೀಪವನ್ನು ಬಳಸಿ ಮತ್ತೆ ಒಂದಾಗುವಂತೆ, ಕೆಲವು ನಾಳಗಳು ನಡುವೆ ಕವಲೊಡೆದು ಪುನಃ ಸೇರುತ್ತವೆ. ಸಮುದ್ರವನ್ನು ಸೇರುವ ಮುನ್ನ ಕವಲುಗಳಾಗುವ ಹೊಳೆಯಂತೆ, ಇನ್ನು ಕೆಲವು ನಾಳಗಳು ಮೇಲೆ ಒಂದೇ ಆಗಿ ಕಂಡು ಆಳದಲ್ಲಿ ಎರಡಾಗುತ್ತವೆ. ಈ ಕೊನೆಯ ಬಗೆಯೇ ವೈದ್ಯರಿಗೆ ಹೆಚ್ಚು ಕಷ್ಟದ್ದು. ಮೇಲಿನಿಂದ ನೋಡುವವರಿಗೆ ಒಂದೇ ಬಾಯಿ ಕಾಣುತ್ತದೆ; ಕವಲು ಮಾತ್ರ ಕತ್ತಲೆಯಲ್ಲಿ ಅಡಗಿರುತ್ತದೆ. ಕೆಳದವಡೆಯ ಮೊದಲನೆಯ ಮುಂದವಡೆ ಹಲ್ಲುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಹೀಗೆ ಎರಡನೆಯ ದಾರಿ ಇರುತ್ತದೆ. ಕಡ್ಡಿಯಂತೆ ಸಪೂರವಾಗಿ ಕಾಣುವ ಕೆಳಗಿನ ಬಾಚಿಹಲ್ಲುಗಳಲ್ಲಿಯೂ ಎರಡು ನಾಳಗಳು ಇರುವುದು ಅಪರೂಪವೇನಲ್ಲ.

ವಿಶೇಷ ಎಚ್ಚರ ಬೇಡುವ ಹಲ್ಲುಗಳು

ಮೊದಲು ಹೇಳಬೇಕಾದುದು ಮೇಲ್ದವಡೆಯ ಮೊದಲನೆಯ ದವಡೆ ಹಲ್ಲಿನ ಸಂಗತಿ. ಆರನೆಯ ವಯಸ್ಸಿನಲ್ಲಿ ಮೂಡುವ ಈ ಹಲ್ಲನ್ನು ಎಷ್ಟೋ ತಂದೆತಾಯಿಗಳು ಹಾಲುಹಲ್ಲೆಂದು ಭಾವಿಸಿ ಕಡೆಗಣಿಸುತ್ತಾರೆ. ಆದಕಾರಣ ಇದು ಬೇಗನೆ ಹುಳುಕಾಗುತ್ತದೆ. ಇದಕ್ಕೆ ಮೂರು ಬೇರುಗಳು. ಮೂರು ಬೇರುಗಳಿಗೆ ಮೂರು ನಾಳಗಳೆಂದು ಹಿಂದೆ ಎಣಿಸುತ್ತಿದ್ದರು. ಆದರೆ ಕೆನ್ನೆಯ ಬದಿಗೆ, ಮುಂಭಾಗದಲ್ಲಿರುವ ಬೇರಿನಲ್ಲಿ ಇನ್ನೊಂದು ನಾಳವು ಅರ್ಧಕ್ಕಿಂತ ಹೆಚ್ಚು ಹಲ್ಲುಗಳಲ್ಲಿ ಇರುತ್ತದೆಂದು ಅಧ್ಯಯನಗಳು ತೋರಿಸಿವೆ. ಅರ್ಧಕ್ಕಿಂತ ಹೆಚ್ಚಿನದರಲ್ಲಿ ಇರುವುದನ್ನು ಅಸಾಮಾನ್ಯವೆನ್ನುವುದಾದರೂ ಹೇಗೆ? ಅದರ ಬಾಯಿ ಅತಿ ಕಿರಿದು. ಡೆಂಟಿನ್ನಿನ ಒಂದು ಅಂಚು ಅದರ ಮೇಲೆ ಮಾಡಿನಂತೆ ಚಾಚಿರುತ್ತದೆ. ಆ ಅಂಚನ್ನು ಒಂದೆರಡು ಮಿಲಿಮೀಟರು ಜಾಗರೂಕತೆಯಿಂದ ತೆಗೆದಾಗಲೇ ನಾಳ ಗೋಚರಿಸುತ್ತದೆ. ಚಿಕಿತ್ಸೆಯಾದ ಮೇಲೂ ಈ ಹಲ್ಲು ನೋಯುತ್ತಿದ್ದರೆ ತಜ್ಞರ ಗುಮಾನಿ ಮೊದಲು ಹೋಗುವ ಕಡೆಗಳಲ್ಲಿ ಈ ನಾಲ್ಕನೆಯ ನಾಳವೂ ಒಂದು.

ಎರಡನೆಯದು ಕೆಳದವಡೆಯ ಎರಡನೆಯ ದವಡೆ ಹಲ್ಲು. ಕೆಲವರಲ್ಲಿ ಇದರ ಎರಡು ಬೇರುಗಳು ಬೆಸೆದುಕೊಂಡು, ನಾಳಗಳು ಪ್ರತ್ಯೇಕವಾಗಿರದೆ ಕುಡುಗೋಲಿನಂತೆ ಬಾಗಿದ ಒಂದೇ ಸೀಳಾಗಿ ಇರುತ್ತವೆ. ಇಂಗ್ಲಿಷಿನ 'ಸಿ' ಅಕ್ಷರವನ್ನು ಹೋಲುವುದರಿಂದ ಇದಕ್ಕೆ ಸಿ-ಆಕಾರದ ನಾಳವೆಂದು ಹೆಸರು. 1979ರಲ್ಲಿ ಕುಕ್ ಮತ್ತು ಕಾಕ್ಸ್ ಎಂಬುವರು ಇದರ ಚಿಕಿತ್ಸೆಯನ್ನು ಕುರಿತು ಬರೆದರು. ಚೀನಾ, ಕೊರಿಯಾ ದೇಶಗಳ ಜನರಲ್ಲಿ ಇದು ಹೆಚ್ಚು. ಭಾರತೀಯರಲ್ಲಿ ಅದಕ್ಕಿಂತ ಕಡಿಮೆಯಾದರೂ ಇಲ್ಲದೇ ಇಲ್ಲ. ದುಂಡನೆಯ ನಾಳವನ್ನು ಉಜ್ಜಲು ರೂಪಿಸಿದ ಸೂಜಿಯಂಥ ಫೈಲುಗಳು ಈ ಸೀಳಿನ ಮೂಲೆಗಳನ್ನು ಮುಟ್ಟಲಾರವು. ಒಂದು ಬದಿಯ ಗೋಡೆ ಬಲು ತೆಳುವಾಗಿರುವುದರಿಂದ ಬಲವಂತ ಮಾಡಿದರೆ ಬೇರು ತೂತಾಗುವ ಅಪಾಯವಿದೆ. ಇಲ್ಲಿ ಕೆರೆಯುವುದಕ್ಕಿಂತ ತೊಳೆಯುವುದೇ ಪ್ರಧಾನ. ಸೂಕ್ಷ್ಮಜೀವಿಗಳನ್ನು ಕೊಂದು ಸತ್ತ ತಿರುಳನ್ನು ಕರಗಿಸುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣವನ್ನು ತುಂಬಿ, ಅಲ್ಟ್ರಾಸಾನಿಕ್ ಉಪಕರಣದಿಂದ ಅದನ್ನು ಕಂಪಿಸಿ ಮೂಲೆಮೂಲೆಗೂ ತಲುಪಿಸುತ್ತಾರೆ; ಬಳಿಕ ಕಾಯಿಸಿ ಮೆತ್ತಗಾಗಿಸಿದ ಗಟ್ಟಾಪರ್ಚಾ ಎಂಬ ಮರದ ಹಾಲಿನ ಪದಾರ್ಥದಿಂದ ಸೀಳನ್ನು ತುಂಬುತ್ತಾರೆ.

ಮೂರನೆಯದು ಕೆಳದವಡೆಯ ಮೊದಲನೆಯ ದವಡೆ ಹಲ್ಲಿಗೆ ನಾಲಿಗೆಯ ಬದಿಯಲ್ಲಿ ಮೂಡುವ ಹೆಚ್ಚುವರಿ ಬೇರು. ಸಾಮಾನ್ಯವಾಗಿ ಎರಡು ಬೇರುಗಳಿರುವ ಈ ಹಲ್ಲಿಗೆ ಮೂರನೆಯದೊಂದು ಇರಬಹುದೆಂದು 1844ರಷ್ಟು ಹಿಂದೆಯೇ ವಿಯೆನ್ನಾದ ಕರಾಬೆಲ್ಲಿ ಗುರುತಿಸಿದ್ದರು. ಪೂರ್ವ ಏಷ್ಯಾದ ಜನರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ, ನಮ್ಮಲ್ಲಿ ವಿರಳ. ವಿರಳವೆಂಬ ಕಾರಣಕ್ಕೇ ಅದನ್ನು ಮರೆಯುವ ಸಂಭವವೂ ಅಧಿಕ. ಈ ಬೇರು ಗಿಡ್ಡಗಿದ್ದು ಕೊಕ್ಕೆಯಂತೆ ಬಾಗಿರುವುದರಿಂದ, ಒರಟಾದ ಉಪಕರಣ ಒಳಗೆ ಮುರಿದು ಸಿಕ್ಕಿಕೊಳ್ಳಬಹುದು. ಆದುದರಿಂದ ತುದಿಯ ದಪ್ಪ 0.10 ಮಿಲಿಮೀಟರಿನಷ್ಟಿರುವ ಬಾಗುವ ಫೈಲಿನಿಂದ ಮೊದಲು ದಾರಿ ಮಾಡಿಕೊಳ್ಳುತ್ತಾರೆ.

ಇನ್ನು, ತಿರುಳಿನ ಕೋಣೆಯು ಬೇರಿನ ಆಳದವರೆಗೆ ಉದ್ದಕ್ಕೆ ಚಾಚಿರುವ ಹಲ್ಲುಗಳೂ ಉಂಟು. 1913ರಲ್ಲಿ ಬ್ರಿಟನ್ನಿನ ಸರ್ ಆರ್ಥರ್ ಕೀತ್ ಇವುಗಳಿಗೆ ಹೋರಿಯ ಹಲ್ಲು ಎಂಬ ಅರ್ಥದ ಹೆಸರನ್ನು ಕೊಟ್ಟರು. ಪ್ರಾಚೀನ ನಿಯಾಂಡರ್ತಾಲ್ ಮಾನವನ ಹಲ್ಲುಗಳಲ್ಲಿಯೂ ಈ ಲಕ್ಷಣ ಕಂಡುಬಂದಿದೆ. ಇಂಥ ಹಲ್ಲಿನಲ್ಲಿ ನಾಳಗಳ ಬಾಯಿ ಬಾವಿಯ ತಳದಲ್ಲಿದ್ದಂತೆ ಬಹಳ ಕೆಳಗಿರುತ್ತದೆ. ಅಷ್ಟು ಆಳಕ್ಕೆ ಬೆಳಕನ್ನು ಹಾಯಿಸಿ, ಹಿಗ್ಗಿಸಿ ನೋಡುವ ಸಾಧನವಿಲ್ಲದೆ ಕೆಲಸ ಸಾಗದು.

ಮಕ್ಕಳ ಹಲ್ಲುಗಳಲ್ಲಿ ಗಮನಿಸಬೇಕಾದುದು

ಎರಡು ಬಗೆಯ ರಚನಾವ್ಯತ್ಯಾಸಗಳನ್ನು ತಂದೆತಾಯಿಗಳು ವಿಶೇಷವಾಗಿ ತಿಳಿದಿರಬೇಕು. ಏಕೆಂದರೆ ಇವುಗಳಲ್ಲಿ ಹುಳುಕೇ ಇಲ್ಲದೆ ಹಲ್ಲು ಒಳಗೊಳಗೇ ಸಾಯುತ್ತದೆ. ಮೊದಲನೆಯದು ಹಲ್ಲೊಳಗಿನ ಹಲ್ಲು. ಹಲ್ಲು ರೂಪುಗೊಳ್ಳುವಾಗ ಎನಾಮಲ್ ಒಳಕ್ಕೆ ಮಡಿಚಿಕೊಂಡು ಒಂದು ಗುಳಿ ಉಂಟಾಗುತ್ತದೆ. ಎಂಟು ಒಂಬತ್ತನೆಯ ವಯಸ್ಸಿನಲ್ಲಿ ಮೂಡುವ ಮೇಲಿನ ಪಕ್ಕದ ಬಾಚಿಹಲ್ಲಿನ ಹಿಂಬದಿಯಲ್ಲಿ ಇದು ಹೆಚ್ಚು. ಹೊರಗಿನಿಂದ ನೋಡಿದರೆ ಸೂಜಿಮೊನೆಯಷ್ಟು ಚುಕ್ಕೆ; ಒಳಗೆ ಆಹಾರದ ಕಣವೂ ಸೂಕ್ಷ್ಮಜೀವಿಗಳೂ ತಂಗುವ ಗುಹೆ. ಎರಡನೆಯದು, ಹತ್ತರಿಂದ ಹನ್ನೆರಡನೆಯ ವಯಸ್ಸಿನೊಳಗೆ ಬರುವ ಮುಂದವಡೆ ಹಲ್ಲಿನ ನಡುವೆ ಗೋಪುರದಂತೆ ಏಳುವ ಪುಟ್ಟ ಮೊನೆ. ಅದರೊಳಗೂ ತಿರುಳಿನ ಎಳೆ ಇರುತ್ತದೆ. ಜಗಿಯುವಾಗ ಅದು ಮುರಿದರೆ ತಿರುಳಿಗೆ ಬಾಗಿಲು ತೆರೆದಂತಾಗುತ್ತದೆ.

ಮೂಡಿದ ಹೊಸತರಲ್ಲಿಯೇ ಗುರುತಿಸಿದರೆ ಗುಳಿಯನ್ನು ಮುಚ್ಚುವುದೂ ಮೊನೆಯ ಸುತ್ತ ರೆಸಿನ್ ಎಂಬ ಸಿಮೆಂಟಿನಂಥ ಪದಾರ್ಥದ ಆಸರೆ ಕೊಡುವುದೂ ಸರಳವಾದ ಕೆಲಸ. ತಡವಾಗಿ ತಿರುಳು ಸತ್ತರೆ ಕಷ್ಟ ಹೆಚ್ಚುತ್ತದೆ. ಏಕೆಂದರೆ ಎಳೆಯ ಹಲ್ಲಿನ ಬೇರಿನ ತುದಿ ಇನ್ನೂ ಮುಚ್ಚಿರುವುದಿಲ್ಲ, ಗೋಡೆಗಳೂ ತೆಳುವಾಗಿರುತ್ತವೆ. 1990ರ ದಶಕದಿಂದ ಬಳಕೆಗೆ ಬಂದ ಎಂಟಿಎ ಎಂಬ ಸಿಮೆಂಟಿನಿಂದ ತುದಿಯನ್ನು ಮುಚ್ಚುವ ವಿಧಾನವು ಇಂಥ ಎಷ್ಟೋ ಹಲ್ಲುಗಳನ್ನು ಉಳಿಸಿದೆ. ಆದರೂ ವಾಸಿ ಮಾಡುವುದಕ್ಕಿಂತ ಬಾರದಂತೆ ತಡೆಯುವುದು ಲೇಸು.

ಕಾಣದ ನಾಳವನ್ನು ಕಾಣುವ ಬಗೆ

ಕ್ಷ-ಕಿರಣದ ಚಿತ್ರವೆಂದರೆ ಒಂದು ನೆರಳು ಮಾತ್ರ. ದಾರಿಯ ಬದಿಯಲ್ಲಿ ಒಂದರ ಹಿಂದೊಂದು ನಿಂತ ಎರಡು ತೆಂಗಿನ ಮರಗಳು ನೇರವಾಗಿ ನೋಡುವವರಿಗೆ ಒಂದೇ ಮರವಾಗಿ ತೋರುತ್ತವೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಹಿಂದಿನ ಮರವೂ ಕಾಣುತ್ತದೆ. ಹಾಗೆಯೇ ವೈದ್ಯರು ಒಂದು ಚಿತ್ರವನ್ನು ನೇರವಾಗಿಯೂ ಇನ್ನೊಂದನ್ನು ಓರೆಯಾಗಿಯೂ ತೆಗೆದು, ಹಿಂದೆ ಅಡಗಿದ ಬೇರನ್ನೂ ನಾಳವನ್ನೂ ಪತ್ತೆಹಚ್ಚುತ್ತಾರೆ. ಎರಡನೆಯ ಬಾರಿ ಎಕ್ಸ್-ರೇ ತೆಗೆಯುವುದು ಹಣ ಕೀಳುವ ಉಪಾಯವೆಂದು ಕೆಲವರು ಶಂಕಿಸುತ್ತಾರೆ. ಆ ಶಂಕೆ ಸಲ್ಲದು.

ಹಲ್ಲನ್ನು ತೆರೆದ ಮೇಲೆ ಕೋಣೆಯ ನೆಲವೇ ಒಂದು ನಕ್ಷೆಯಾಗುತ್ತದೆ. 2004ರಲ್ಲಿ ಕ್ರಾಸ್ನರ್ ಮತ್ತು ರ‍್ಯಾಂಕೋ ಎಂಬ ಇಬ್ಬರು ವೈದ್ಯರು 500 ಹಲ್ಲುಗಳನ್ನು ಪರೀಕ್ಷಿಸಿ ಕೆಲವು ನಿಯಮಗಳನ್ನು ತಿಳಿಸಿದರು. ನೆಲದ ಬಣ್ಣ ಗೋಡೆಯ ಬಣ್ಣಕ್ಕಿಂತ ಕಡುವಾಗಿರುತ್ತದೆ. ನಾಳದ ಬಾಯಿಗಳು ನೆಲವೂ ಗೋಡೆಯೂ ಸಂಧಿಸುವ ಅಂಚಿನಲ್ಲಿರುತ್ತವೆ. ಬಹುಪಾಲು ಹಲ್ಲುಗಳಲ್ಲಿ ಅವು ನಡುಗೆರೆಯ ಎರಡು ಬದಿಗೂ ಸಮದೂರದಲ್ಲಿರುತ್ತವೆ. ಹೀಗಿರುವಲ್ಲಿ ಒಂದು ನಾಳವು ನಡುವನ್ನು ಬಿಟ್ಟು ಒಂದೇ ಬದಿಗೆ ಸರಿದಿದ್ದರೆ, ಎದುರು ಬದಿಯಲ್ಲಿ ಅದರ ಜೊತೆಗಾರನಿರಬೇಕೆಂದು ತರ್ಕಿಸಬಹುದು. ನೀಲಿ ಬಣ್ಣವನ್ನು ಲೇಪಿಸಿದರೆ ಅದು ನಾಳದ ಬಾಯಿಯಲ್ಲಿ ಇಂಗಿ ಉಳಿಯುತ್ತದೆ. ಹೈಪೋಕ್ಲೋರೈಟ್ ದ್ರಾವಣವನ್ನು ತುಂಬಿದರೆ ತಿರುಳು ಉಳಿದಿರುವ ಕಡೆಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ. ನೆಲವನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸುವ ಸೂಕ್ಷ್ಮದರ್ಶಕವೂ, ಹಲ್ಲನ್ನು ಮೂರು ಆಯಾಮಗಳಲ್ಲಿ ತೋರಿಸುವ ಸಿಬಿಸಿಟಿ ಎಂಬ ಸ್ಕ್ಯಾನ್ ಕೂಡ ಈ ಹುಡುಕಾಟಕ್ಕೆ ದೊಡ್ಡ ಬಲ ತಂದಿವೆ. ಸ್ಕ್ಯಾನಿನಲ್ಲಿ ಸಾಮಾನ್ಯ ಎಕ್ಸ್-ರೇಗಿಂತ ಹೆಚ್ಚು ವಿಕಿರಣ ಇರುವುದರಿಂದ ಅದು ಎಲ್ಲರಿಗೂ ಅಗತ್ಯವಲ್ಲ. ಸಾಮಾನ್ಯ ಚಿತ್ರಗಳಿಂದ ಸಂಶಯ ತೀರದಿದ್ದಾಗ ಮಾತ್ರ ಬೇಕಾಗುತ್ತದೆ.

ಇವೆಲ್ಲಕ್ಕೂ ಮಿಗಿಲಾಗಿ ಬೇಕಾದುದು ಸಮಯ. ಬಾಚಿಹಲ್ಲಿಗೆ ಒಂದು ಭೇಟಿ ಸಾಕಾಗಬಹುದು. ವಿಚಿತ್ರ ರಚನೆಯ ದವಡೆ ಹಲ್ಲಿಗೆ ಎರಡು ಮೂರು ಭೇಟಿಗಳು ಬೇಕಾಗಬಹುದು. "ಇವತ್ತೇ ಮುಗಿಸಿಬಿಡಿ ಡಾಕ್ಟರೇ, ನಾಳೆ ಹೊಲದ ಕೆಲಸವಿದೆ" ಎಂಬ ಅವಸರ ಸಹಜವಾದುದೇ; ಆದರೆ ಹಲ್ಲಿನ ಬಾಳ್ವೆಗೆ ಅದು ಹಿತವಲ್ಲ.

ಮರುಚಿಕಿತ್ಸೆಯ ಸಾಧ್ಯತೆ ಮತ್ತು ಮಿತಿ

ಮೊದಲ ಚಿಕಿತ್ಸೆ ಫಲಿಸಲಿಲ್ಲವೆಂದ ಮಾತ್ರಕ್ಕೆ ಹಲ್ಲು ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಹಳೆಯ ತುಂಬುವಿಕೆಯನ್ನು ತೆಗೆದು, ಬಿಟ್ಟುಹೋದ ನಾಳವನ್ನು ಹುಡುಕಿ ಶುದ್ಧಗೊಳಿಸಿದರೆ, ಬೇರಿನ ತುದಿಯಲ್ಲಿ ಕರಗಿದ್ದ ಎಲುಬು ತಿಂಗಳುಗಳ ಅವಧಿಯಲ್ಲಿ ಮತ್ತೆ ತುಂಬಿಕೊಳ್ಳುವುದನ್ನು ಎಕ್ಸ್-ರೇಯಲ್ಲಿ ಕಾಣಬಹುದು. ಮೇಲಿನಿಂದ ತಲುಪಲಾಗದ ನಾಳವಿದ್ದರೆ ವಸಡನ್ನು ಬಿಡಿಸಿ ಬೇರಿನ ತುದಿಯನ್ನು ಕತ್ತರಿಸಿ ಮುಚ್ಚುವ ಶಸ್ತ್ರಚಿಕಿತ್ಸೆಯೂ ಇದೆ.

ಎಲ್ಲ ಹಲ್ಲುಗಳನ್ನೂ ಉಳಿಸಬಹುದೆಂದು ನಾವು ಹೇಳುತ್ತಿಲ್ಲ. ಬೇರು ಉದ್ದಕ್ಕೆ ಸೀಳಿದ್ದರೆ, ವಸಡಿನ ರೋಗದಿಂದ ಎಲುಬಿನ ಆಸರೆಯೇ ಕರಗಿದ್ದರೆ, ಕ್ಯಾಪ್ ಕೂರಿಸಲು ಬೇಕಾದಷ್ಟು ಹಲ್ಲೂ ಮಿಕ್ಕಿಲ್ಲದಿದ್ದರೆ ಕೀಳಿಸುವುದೇ ಸರಿಯಾದ ಚಿಕಿತ್ಸೆ. ಆದರೆ ಆ ತೀರ್ಮಾನವು ಪರೀಕ್ಷೆಯ ಅನಂತರ ಬರಬೇಕು, ಬೇಸರದಿಂದ ಬರಬಾರದು. ದವಡೆ ಹಲ್ಲೊಂದು ಹೋದರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಇಳಿಯುತ್ತದೆ, ಜಗಿಯುವ ಶಕ್ತಿ ಕುಗ್ಗುತ್ತದೆ. ಖಡಕ್ ರೊಟ್ಟಿಯನ್ನೂ ಹುರಿಗಡಲೆಯನ್ನೂ ಜಗಿದು ಉಂಡವರಿಗೆ ಆ ನಷ್ಟದ ಬೆಲೆ ಗೊತ್ತು.

ಓದುಗರು ಗಮನದಲ್ಲಿಡಬೇಕಾದ ಸಂಗತಿಗಳು

1. ಚಿಕಿತ್ಸೆಯ ಅನಂತರ ಮೂರು ನಾಲ್ಕು ದಿನ ಕಚ್ಚಿದಾಗ ತುಸು ನೋವಿರುವುದು ಸಹಜ. ವಾರಗಳು ಕಳೆದ ಮೇಲೂ ಬಿಸಿ ಅಥವಾ ತಣ್ಣನೆಯ ಪದಾರ್ಥಕ್ಕೆ ಅದೇ ಕಡೆ ಜುಮ್ಮೆಂದರೆ, ಒಂದು ನಾಳದಲ್ಲಿ ಜೀವಂತ ತಿರುಳು ಉಳಿದಿರಬಹುದು. ಅಥವಾ ಪಕ್ಕದ ಹಲ್ಲಿನಲ್ಲಿ ದೋಷವಿರಬಹುದು. ಎರಡನ್ನೂ ವೈದ್ಯರೇ ಪರೀಕ್ಷಿಸಿ ಹೇಳಬೇಕು.

2. ವಸಡಿನ ಮೇಲೆ ಬಂದು ಹೋಗುವ ಗುಳ್ಳೆಯನ್ನು, ನೋವಿಲ್ಲವೆಂದು ಅಲಕ್ಷಿಸಬಾರದು. ಅದು ಒಳಗಿನ ಕೀವು ಹೊರಬರಲು ಮಾಡಿಕೊಂಡ ದಾರಿ.

3. ಆ್ಯಂಟಿಬಯೋಟಿಕ್ ಮಾತ್ರೆಯಿಂದ ಬಾವು ಇಳಿಯಬಹುದು, ಮೂಲ ನಿವಾರಣೆಯಾಗದು. ಸತ್ತ ತಿರುಳಿಗೆ ರಕ್ತಸಂಚಾರವಿಲ್ಲದ್ದರಿಂದ ಔಷಧಿಯು ನಾಳದೊಳಕ್ಕೆ ಸೇರುವುದೇ ಇಲ್ಲ. ಲವಂಗದ ಎಣ್ಣೆಯ ಉಪಶಮನವೂ ತಾತ್ಕಾಲಿಕವೇ.

4. ಎಷ್ಟು ನಾಳಗಳಿದ್ದವು, ಎಲ್ಲವನ್ನೂ ತುಂಬಲಾಯಿತೇ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ಎಕ್ಸ್-ರೇ ಪ್ರತಿಗಳನ್ನು ಪಡೆದು ಜೋಪಾನವಾಗಿ ಇರಿಸಿಕೊಳ್ಳಿರಿ. ಮುಂದೆ ಬೇರೆ ವೈದ್ಯರು ನೋಡಬೇಕಾದಾಗ ಅವೇ ಆಧಾರ.

5. ನಾಳ ತುಂಬಿಸಿದ ದವಡೆ ಹಲ್ಲಿಗೆ ವೈದ್ಯರು ಸೂಚಿಸಿದ ಕ್ಯಾಪನ್ನು ತಡಮಾಡದೆ ಹಾಕಿಸಿಕೊಳ್ಳಬೇಕು. ನೋವು ನಿಂತಿತೆಂದು ನಡುವೆಯೇ ಬಿಟ್ಟರೆ ಹಲ್ಲು ಸೀಳುವುದೂ ಸೋಂಕು ಮರಳುವುದೂ ಖಂಡಿತ ಸಾಧ್ಯ.

6. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಹಾಗೂ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು.

7. ಮುಖ ಅಥವಾ ಗದ್ದದ ಕೆಳಗೆ ಬಾವು ಹರಡಿ, ಜ್ವರ ಬಂದು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಅದು ಪ್ರಾಣಾಪಾಯದ ಲಕ್ಷಣ. ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಜಟಿಲವಾದ ಹಲ್ಲನ್ನು ತಜ್ಞರ ಬಳಿಗೆ ಕಳುಹಿಸುವ ವೈದ್ಯರನ್ನು ಕೆಲಸ ಬಾರದವರೆಂದು ಹಗುರವಾಗಿ ಕಾಣಬಾರದು. ತಮ್ಮ ಮಿತಿಯನ್ನು ಅರಿತು ನಡೆಯುವುದು ಒಳ್ಳೆಯ ವೈದ್ಯರ ಲಕ್ಷಣವೇ ಆಗಿದೆ. ಬೆಂಗಳೂರು, ಮೈಸೂರು, ದಾವಣಗೆರೆ, ಧಾರವಾಡ, ಬೆಳಗಾವಿ, ಬಾಗಲಕೋಟೆ, ಕಲಬುರಗಿ ಮುಂತಾದ ನಗರಗಳಲ್ಲಿ ದಂತವೈದ್ಯ ಕಾಲೇಜುಗಳಿವೆ. ಕಾಲೇಜಿನ ಆಸ್ಪತ್ರೆಗಳಲ್ಲಿ ಖರ್ಚು ಸಾಮಾನ್ಯವಾಗಿ ಖಾಸಗಿ ಚಿಕಿತ್ಸಾಲಯಗಳಿಗಿಂತ ಕಡಿಮೆ. ಬೇರುನಾಳ ಚಿಕಿತ್ಸೆಯನ್ನೇ ವಿಶೇಷವಾಗಿ ಅಭ್ಯಸಿಸಿದ ಅಧ್ಯಾಪಕರ ಸಲಹೆಯೂ ದೊರೆಯುತ್ತದೆ.

ಹಲ್ಲಿನ ಹೊರರೂಪ ಒಂದೇ ಬಗೆಯಾಗಿ ಕಂಡರೂ ಒಳಗಿನ ದಾರಿಗಳು ಒಬ್ಬೊಬ್ಬರಿಗೆ ಒಂದೊಂದು ಬಗೆ. ಹುಡುಕುವ ವೈದ್ಯರ ತಾಳ್ಮೆಯೊಂದಿಗೆ ರೋಗಿಯ ತಾಳ್ಮೆಯೂ ಕೂಡಿದಾಗ, ಕೈಬಿಟ್ಟೆವೆಂದುಕೊಂಡ ಹಲ್ಲು ಕೂಡ ಇನ್ನೂ ಹಲವು ವರ್ಷ ಬಾಳಬಲ್ಲುದು. ಆದ್ದರಿಂದ ಮರುಕಳಿಸಿದ ನೋವಿಗೆ ಬೇಸತ್ತು ಹಲ್ಲನ್ನು ಕೀಳಿಸುವ ಮುನ್ನ, ಒಳಗೆ ಇನ್ನೊಂದು ನಾಳ ಉಳಿದಿರಬಹುದೇ ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕೆಂದು ಓದುಗರಲ್ಲಿ ವಿನಂತಿಸುತ್ತೇವೆ.